ಉಂಚಳ್ಳಿಯ ಕೆಪ್ಪಜೋಗವೂ ಉಳಿದ ನೀರಿನ ಇತಿಹಾಸವೂ

ಜಲಪಾತವೆಂಬುದು ಪ್ರಕೃತಿಯ ಕೃತಿಯೆಂದೂ, ಇತಿಹಾಸವೆಂಬುದು ಮನುಷ್ಯರ ಕೃತಿಯೆಂದೂ ನಾವು ಸಾಮಾನ್ಯವಾಗಿ ಭಾವಿಸಿಕೊಂಡಿರುವೆವು. ಕೋಟೆಯನ್ನು ನೋಡಹೋದವನು ಅದನ್ನು ಕಟ್ಟಿಸಿದವರಾರೆಂದು ಕೇಳುವನು. ಹಳೆಯ ಗುಡಿಗೆ ಹೋದವನು ಶಾಸನವೆಲ್ಲಿದೆಯೆಂದು ಹುಡುಕುವನು. ಜಲಪಾತಕ್ಕೆ ಹೋದವನಾದರೋ ಕಣ್ತುಂಬ ನೋಡಿ, ತಂದ ಬುತ್ತಿಯನ್ನುಂಡು ಹಿಂದಿರುಗುವನಲ್ಲದೆ, ಈ ನೀರು ಇಂದಿಗೂ ಇಲ್ಲಿ ಬೀಳುತ್ತಿರುವುದಕ್ಕೆ ಕಾರಣರಾರೆಂದು ಕೇಳುವುದಿಲ್ಲ. ಹಾಗೆ ಕೇಳತಕ್ಕದ್ದು ಅವಶ್ಯವೆಂಬುದನ್ನು, ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಉಂಚಳ್ಳಿಯ ಜಲಪಾತವನ್ನು ನಿದರ್ಶನವಾಗಿ ಹಿಡಿದು, ವಾಚಕರ ಮುಂದೆ ನಿವೇದಿಸಬೇಕೆಂದಿರುವೆನು. ರಬಕವಿಯಂಥ ಬಯಲುಸೀಮೆಯ ಊರಿನವನು ಮಲೆನಾಡಿನ ನೀರನ್ನು ಕುರಿತು ಬರೆಯುವುದೇಕೆಂದು ಕೆಲವರಿಗೆ ತೋರಬಹುದು. ಬಯಲುಸೀಮೆಯವರೇ ಇದನ್ನು ಹೆಚ್ಚಾಗಿ ತಿಳಿಯಬೇಕಾಗಿದೆಯೆಂಬುದು ಲೇಖನವು ಮುಂದುವರಿದಂತೆ ಸ್ಪಷ್ಟವಾಗುವುದು.

ಮೊದಲು ಶಬ್ದವಿಚಾರ. ಜಲಪಾತವೆಂಬ ಮಾತು ಈಗ ನಮ್ಮ ನಾಲಗೆಯಲ್ಲಿ ರೂಢವಾಗಿದ್ದರೂ ಅಮರಸಿಂಹನ ನಿಘಂಟಿನ ಶೈಲವರ್ಗದಲ್ಲಿ ಅದು ದೊರೆಯುವುದಿಲ್ಲ. ಬೆಟ್ಟದಿಂದ ಇಳಿಯುವ ನೀರಿನ ಪ್ರವಾಹಕ್ಕೆ ಆತನು ನಿರ್ಝರ, ಝರ ಎಂಬ ಹೆಸರುಗಳನ್ನು ಹೇಳುವನು. ಪ್ರಪಾತವೆಂಬುದು ನೀರಿನ ಹೆಸರಲ್ಲ. ನಿಂತ ಗೋಡೆಯಂತೆ ಕಡಿದಾಗಿರುವ ಬಂಡೆಯ ಹೆಸರು. ನೀರಿಗೊಂದು ಶಬ್ದ, ನೀರು ಬೀಳುವ ಸ್ಥಳಕ್ಕೆ ಇನ್ನೊಂದು ಶಬ್ದ. ಈ ವಿಭಾಗವು ಬಹು ಅರ್ಥವತ್ತಾದುದು. ಏಕೆಂದರೆ ಬಂಡೆಯನ್ನು ಯಾರೂ ಕದಲಿಸಲಾರರು. ನೀರನ್ನಾದರೋ ಬೇರೆ ಕಡೆಗೆ ತಿರುಗಿಸಬಹುದು. ಪ್ರಪಾತವು ಉಳಿದು ನಿರ್ಝರವು ಹೋದ ಸ್ಥಳಗಳು ನಮ್ಮ ನಾಡಿನಲ್ಲಿಯೇ ಇರುವುವು. ಇನ್ನು ದೇಶ್ಯಶಬ್ದಗಳನ್ನು ನೋಡಿದರೆ, ಮಲೆನಾಡಿನವರು ಜೋಗವೆಂದೂ ಅಬ್ಬಿಯೆಂದೂ ಹೇಳುವರು. ನಾವು ಜೋಗವೆಂದರೆ ಶರಾವತಿಯ ಒಂದೇ ಜಲಪಾತವೆಂದು ತಿಳಿದಿದ್ದೇವೆ; ಆ ಸೀಮೆಯವರಿಗೆ ಅದು ಸಾಮಾನ್ಯನಾಮ. ಉಂಚಳ್ಳಿಯ ಜಲಪಾತಕ್ಕೆ ಅವರು ಇಟ್ಟ ಹೆಸರು ಕೆಪ್ಪಜೋಗ. ನೀರಿನ ಆರ್ಭಟದ ಮುಂದೆ ಎದುರಿಗೆ ನಿಂತವನ ಮಾತೂ ಕೇಳಿಸದೆ ಕಿವಿ ಕೆಪ್ಪಾಗುವುದರಿಂದ ಈ ಹೆಸರು ಬಂದಿತು.

ಈ ಜೋಗವು ಅಘನಾಶಿನೀ ನದಿಯದು. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಕಾಡುಗಳನ್ನು ಹಾದು, ಘಟ್ಟವನ್ನಿಳಿದು, ಕುಮಟೆಯ ಬಳಿಯಲ್ಲಿ ತದಡಿಯ ಅಳಿವೆಯಿಂದ ಸಮುದ್ರವನ್ನು ಸೇರುವಳು. ಹರಿವಿನ ಉದ್ದ ಸುಮಾರು ೧೨೦ ಕಿಲೋಮೀಟರು ಮಾತ್ರ. ನಮ್ಮ ಕೃಷ್ಣೆಯೊಡನೆ ಇದನ್ನು ಹೋಲಿಸಿ ನೋಡಿರಿ. ಕೃಷ್ಣೆಯೂ ಸಹ್ಯಾದ್ರಿಯ ಮಗಳೇ; ಮಹಾಬಳೇಶ್ವರದಲ್ಲಿ ಹುಟ್ಟಿದವಳು. ಆದರೆ ಪೂರ್ವಕ್ಕೆ ಮುಖಮಾಡಿದ್ದರಿಂದ ೧,೪೦೦ ಕಿಲೋಮೀಟರುಗಳ ದೂರವನ್ನು ಸಾವಧಾನವಾಗಿ ನಡೆದು ಸಮುದ್ರಕ್ಕೆ ಹೋಗುವಳು. ಪಶ್ಚಿಮಕ್ಕೆ ತಿರುಗಿದ ನದಿಗಳಿಗೆ ಆ ಅವಕಾಶವಿಲ್ಲ. ಶಿರಸಿಯು ಸಮುದ್ರಮಟ್ಟದಿಂದ ಸುಮಾರು ೧,೯೦೦ ಅಡಿಗಳ ಎತ್ತರದಲ್ಲಿದೆ. ಸಮುದ್ರವೋ ಹತ್ತಿರದಲ್ಲಿಯೇ ಇದೆ. ಘಟ್ಟದ ಅಂಚು ಗೋಡೆಯಂತೆ ನಿಂತಿರುವುದು. ಆದುದರಿಂದ ಶರಾವತಿ, ಅಘನಾಶಿನಿ, ಬೇಡ್ತಿ ಈ ಮೂರು ನದಿಗಳೂ ಒಂದೊಂದು ಸ್ಥಳದಲ್ಲಿ ಧುಮುಕಲೇಬೇಕಾಯಿತು. ಶರಾವತಿಯು ಜೋಗದಲ್ಲಿ ೮೩೦ ಅಡಿ, ಬೇಡ್ತಿಯು ಮಾಗೋಡಿನಲ್ಲಿ ಎರಡು ಹಂತಗಳಾಗಿ ಸುಮಾರು ೬೫೦ ಅಡಿ, ಅಘನಾಶಿನಿಯು ಉಂಚಳ್ಳಿಯಲ್ಲಿ ಸುಮಾರು ೩೮೦ ಅಡಿ ಕೆಳಗೆ ಬೀಳುವುವು. ಎತ್ತರದಲ್ಲಿ ಉಂಚಳ್ಳಿಯದು ಕಡಮೆಯೇ. ಆದರೆ ಅದರ ಮಹತ್ತ್ವವು ಎತ್ತರದಲ್ಲಿಲ್ಲ.

ಉಂಚಳ್ಳಿಗೆ ಹೋಗುವವರು ಹುಬ್ಬಳ್ಳಿ ಶಿರಸಿಗಳ ಮಾರ್ಗವಾಗಿ ಹೋಗಿ, ಅಲ್ಲಿಂದ ಹೆಗ್ಗರಣಿಯೆಂಬ ಗ್ರಾಮವನ್ನು ಸೇರಬೇಕು. ಶಿರಸಿಯಿಂದ ಜಲಪಾತವು ಸುಮಾರು ಇಪ್ಪತ್ತು ಮೈಲು. ಹಿಂದೆ ಹೆಗ್ಗರಣಿಯಿಂದ ಮುಂದಿನ ಮೂರು ಮೈಲುಗಳನ್ನು ಕಾಡಿನಲ್ಲಿ ಕಾಲ್ನಡಿಗೆಯಿಂದಲೇ ಹೋಗಬೇಕಾಗಿದ್ದಿತು. ಈಗ ವಾಹನವು ಬಹುದೂರ ಹೋಗುವುದರಿಂದ ಉಳಿದ ಕಾಲುದಾರಿ ಸ್ವಲ್ಪವೇ. ಮೆಟ್ಟಿಲುಗಳನ್ನೂ ಕೈಹಿಡಿಯಲು ಕಂಬಿಗಳನ್ನೂ ಹಾಕಿರುವುದರಿಂದ ವಯಸ್ಸಾದವರೂ ನಿಧಾನವಾಗಿ ಇಳಿದುಹೋಗಬಹುದು. ದಾರಿ ಸಣ್ಣದಾದರೂ ಅದು ಹಾದುಹೋಗುವ ಕಾಡು ಸಣ್ಣದಲ್ಲ. ನಮ್ಮ ಜಮಖಂಡಿಯ ಸೀಮೆಯಲ್ಲಿ ವರ್ಷಕ್ಕೆ ಇಪ್ಪತ್ತು ಇಪ್ಪತ್ತೆರಡು ಅಂಗುಲ ಮಳೆಯಾದರೆ ಸುಭಿಕ್ಷವೆನ್ನುವೆವು. ಸಿದ್ದಾಪುರದ ಸೀಮೆಯಲ್ಲಿ ನೂರು ಅಂಗುಲಗಳಿಗೆ ಮಿಕ್ಕು ಮಳೆ ಬೀಳುವುದು. ಅಲ್ಲಿಯದು ಎಲೆ ಉದುರಿಸಿ ಬೋಳಾಗದ ನಿತ್ಯಹಸುರಿನ ಕಾಡು. ಮುರುಗಲು, ಉಪ್ಪಾಗೆ, ರಾಮಪತ್ರೆ, ಕಾಡುದಾಲ್ಚಿನ್ನಿ, ಬೈನೆ ಮೊದಲಾದ ಮರಗಳು ಒಂದರ ಮೇಲೊಂದು ಅಂತಸ್ತಾಗಿ ನಿಂತು, ಮಧ್ಯಾಹ್ನದಲ್ಲಿಯೂ ನೆಲಕ್ಕೆ ಬಿಸಿಲು ಬೀಳಗೊಡುವುದಿಲ್ಲ. ಮರಗಳಿಗೆ ಮೆಣಸಿನ ಬಳ್ಳಿಗಳು ತಾವಾಗಿಯೇ ಹಬ್ಬಿರುವುವು. ಮಳೆಗಾಲದಲ್ಲಿ ಉಂಬಳಗಳು ಪಾದಕ್ಕೆ ಹತ್ತಿಕೊಳ್ಳುವುವು; ಉಪ್ಪನ್ನೋ ಸುಣ್ಣವನ್ನೋ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಮಾರ್ಗಶಿರಮಾಸದಲ್ಲಿ ನಮ್ಮೂರಿನ ಏಳೆಂಟು ಜನ ಕೂಡಿ ಅಲ್ಲಿಗೆ ಹೋಗಿದ್ದೆವು. ಜಲಪಾತವು ಕಾಣುವುದಕ್ಕಿಂತ ಬಹಳ ಮೊದಲೇ ಅದರ ಧ್ವನಿ ಕೇಳಿಬಂದಿತು. ಮೊದಲು ದೂರದ ಗಿರಣಿಯ ಸದ್ದಿನಂತೆ, ಬಳಿಕ ಪ್ರವಾಹಕಾಲದ ಕೃಷ್ಣೆಯಂತೆ, ಕೊನೆಗೆ ಯಾವುದಕ್ಕೂ ಹೋಲಿಸಲಾರದಂತೆ. ಮರಗಳು ತೆರವಾದಲ್ಲಿ ಕಣಿವೆಯ ಆಚೆಯಲ್ಲಿ ನದಿಯು ಬಂಡೆಯ ಅಂಚಿನ ಮೇಲೆ ಹರಡಿ, ಬಿಳಿಯ ಎಳೆಎಳೆಯಾಗಿ ಕೆಳಗಿಳಿಯುತ್ತಿದ್ದಿತು. ನಮ್ಮ ಜೊತೆಯಲ್ಲಿ ಬಂದಿದ್ದ ಒಬ್ಬ ಹಿರಿಯ ನೇಕಾರರು ಬಹಳ ಹೊತ್ತು ನೋಡಿ, ಹಾಸನ್ನೆಲ್ಲ ಬಿಟ್ಟಾಗಿದೆ, ಹೊಕ್ಕು ಹಾಕುವವರು ಬಂದಿಲ್ಲವೆಂದರು. ಮಗ್ಗದ ಊರಿನವರ ಬಾಯಲ್ಲಿ ತಕ್ಕ ಮಾತೆಂದು ಎಲ್ಲರೂ ನಕ್ಕೆವು. ಆದರೆ ಯೋಚಿಸಿದಷ್ಟೂ ಅದರಲ್ಲಿ ಇತಿಹಾಸವಿದೆಯೆಂದು ನನಗೆ ತೋರಿತು. ಬೇರೆ ನದಿಗಳ ಹಾಸಿಗೆ ಹೊಕ್ಕು ಹಾಕುವವರು ಬಂದರು. ಈ ನದಿಗೆ ಬಂದವರನ್ನು ಜನರು ಹಿಂದಕ್ಕೆ ಕಳುಹಿದರು.

ಇಂಗ್ಲಿಷರ ಪುಸ್ತಕಗಳಲ್ಲಿ ಈ ಜಲಪಾತಕ್ಕೆ ಲೂಷಿಂಗ್ಟನ್ ಜಲಪಾತವೆಂದು ಹೆಸರು. ೧೮೪೫ರಲ್ಲಿ ಲೂಷಿಂಗ್ಟನ್ ಎಂಬ ಜಿಲ್ಲಾಧಿಕಾರಿಯು ಇದನ್ನು ಕಂಡುಹಿಡಿದನೆಂದು ಹೇಳಿಕೆಯುಂಟು. ಆಗ ಕಾನಡಾ ಸೀಮೆಯು ಮದರಾಸು ಇಲಾಖೆಗೆ ಸೇರಿದ್ದಿತು. ಉತ್ತರ ಭಾಗವು ಮುಂಬಯಿ ಇಲಾಖೆಗೆ ವರ್ಗವಾದುದು ೧೮೬೨ರಲ್ಲಿ. ಕಂಡುಹಿಡಿದನೆಂಬ ಮಾತನ್ನು ಇಲ್ಲಿ ಸ್ವಲ್ಪ ಪರೀಕ್ಷಿಸಬೇಕು. ಕೊಲಂಬಸನು ಹೋಗುವುದಕ್ಕಿಂತ ಮೊದಲೇ ಅಮೆರಿಕೆಯಲ್ಲಿ ಜನರಿದ್ದಂತೆ, ಈ ಅಧಿಕಾರಿಯು ಬರುವುದಕ್ಕಿಂತ ಮೊದಲೇ ಉಂಚಳ್ಳಿಯಲ್ಲಿ ಜನರಿದ್ದರು. ಆತನಿಗೆ ದಾರಿ ತೋರಿಸಿದವರು ಯಾರೋ ಇರಲೇಬೇಕು. ಕಾಡಿನಲ್ಲಿ ದಾರಿ ತಾನಾಗಿಯೇ ಹುಟ್ಟುವುದಿಲ್ಲವಷ್ಟೆ. ಬೈನೆಯ ಮರವನ್ನು ಏರುವವನು, ಸೊಪ್ಪು ಕಡಿಯುವವನು, ಉಪ್ಪಾಗೆಯ ಹಣ್ಣನ್ನು ಆರಿಸುವ ಹೆಂಗಸು, ದನ ಕಾಯುವ ಹುಡುಗ, ಇವರ ಕಾಲುಗಳು ಮಾಡಿದ ದಾರಿಯಿಂದಲೇ ಸಾಹೇಬನು ಹೋದನು. ಅವನ ಹೆಸರು ನಕಾಶೆಯಲ್ಲಿ ಉಳಿಯಿತು. ಅವರ ಹೆಸರು ಕೆಪ್ಪಜೋಗವೆಂಬ ಮಾತಿನಲ್ಲಿ ಮಾತ್ರ ಉಳಿದಿದೆ. ಈಗ ಸಾಹೇಬನ ಹೆಸರನ್ನು ಹೇಳಿದರೆ ಆ ಸೀಮೆಯಲ್ಲಿ ದಾರಿ ತೋರಿಸುವವರು ವಿರಳ. ಕೆಪ್ಪಜೋಗವೆಂದರೆ ಮಕ್ಕಳೂ ತೋರಿಸುವರು.

ಆ ಸೀಮೆಯು ಎಷ್ಟು ಹಳೆಯದೆಂಬುದಕ್ಕೆ ಕೆಲವು ಸಂಗತಿಗಳನ್ನು ಸ್ಮರಿಸಿದರೆ ಸಾಕು. ಶಿರಸಿಯ ಹತ್ತಿರದ ಬನವಾಸಿಯು ಕ್ರಿಸ್ತಶಕ ೪ನೆಯ ಶತಮಾನದಿಂದ ಕದಂಬರ ರಾಜಧಾನಿ. ಆದಿಪಂಪನು ೯೪೧ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ಆ ನಾಡಿನ ಮೇಲಣ ಪ್ರೀತಿಯನ್ನು ಹೇಳಿಕೊಂಡಿರುವುದನ್ನು ಓದಿದವರೆಲ್ಲರೂ ಬಲ್ಲರು. ಸಿದ್ದಾಪುರ ತಾಲೂಕಿನಲ್ಲಿ ಬಿಳಗಿಯೆಂಬ ಒಂದು ಊರುಂಟು. ನಮ್ಮ ಕೃಷ್ಣಾತೀರದ ಬೀಳಗಿಯು ಬೇರೆ, ಅದು ಬೇರೆ. ಅಲ್ಲಿ ಜೈನ ಅರಸರು ಆಳಿದರು. ಅವರ ಕಾಲದ ಬಸದಿಯು ಇಂದಿಗೂ ನಿಂತಿದೆ. ಅದೇ ಜಿಲ್ಲೆಯ ಹಾಡುವಳ್ಳಿಯ ಸಂಬಂಧವಿದ್ದ ಭಟ್ಟಾಕಳಂಕದೇವನು ೧೬೦೪ರಲ್ಲಿ ೫೯೨ ಸಂಸ್ಕೃತಸೂತ್ರಗಳಲ್ಲಿ ಕನ್ನಡಕ್ಕೆ ಶಬ್ದಾನುಶಾಸನವನ್ನು ರಚಿಸಿದನು. ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯು ಆ ಘಟ್ಟಗಳ ಮೆಣಸನ್ನು ಮಾರಿಸಿ, ಪೋರ್ತುಗೀಜರಿಂದ ಮೆಣಸಿನ ರಾಣಿಯೆನ್ನಿಸಿಕೊಂಡಳು. ಅಘನಾಶಿನಿಯ ಅಳಿವೆಯ ಸಮೀಪದ ಮಿರ್ಜಾನ ಕೋಟೆಗೂ ಆಕೆಯ ಹೆಸರು ಹತ್ತಿಕೊಂಡಿದೆ. ಈ ಸೀಮೆಯವರಿಗೆ ಕಾಡೆಂದರೆ ಜನವಿಲ್ಲದ ಶೂನ್ಯವಾಗಿರಲಿಲ್ಲ; ಮೆಣಸು ಬೆಳೆಯುವ, ಸುಂಕ ಹುಟ್ಟುವ, ವ್ಯಾಕರಣವನ್ನೂ ಬರೆಯುವ ನಾಡಾಗಿದ್ದಿತು.

ಇಂಥ ಕಾಡುಗಳಿಗೆ ಅಲ್ಲಿಯ ಜನರು ಕಾನೆಂದು ಹೇಳುವರು. ಕಾನಿನಲ್ಲಿ ದೇವರಿರುವುದು, ಕೊಡಲಿಗೆ ಪ್ರವೇಶವಿಲ್ಲ, ಮೆಣಸನ್ನೂ ಹಣ್ಣನ್ನೂ ಒಣಗಿದ ಕಟ್ಟಿಗೆಯನ್ನೂ ತರಬಹುದು, ನಿಂತ ಮರವನ್ನು ಕಡಿಯಬಾರದು. ೧೮೦೧ರಲ್ಲಿ ಸೋಂದೆ ಬನವಾಸಿಗಳ ಮಾರ್ಗವಾಗಿ ಪ್ರವಾಸಮಾಡಿದ ಬುಕಾನನ್ ಎಂಬ ವೈದ್ಯನು ಅಲ್ಲಿಯ ಅಡಕೆಯ ತೋಟಗಳನ್ನೂ ಮೆಣಸಿನ ಬೇಸಾಯವನ್ನೂ ವಿವರವಾಗಿ ಬರೆದಿಟ್ಟಿರುವನು. ೧೮೬೮ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ನೆರೆಯ ಸೊರಬದ ಕಾನುಗಳನ್ನು ಕುರಿತು ವರದಿಯನ್ನೇ ಮಾಡಿದರು. ಇಂಗ್ಲಿಷ್ ಸರಕಾರವು ಬಂದ ಮೇಲೆ ಕಾಡು ಸರಕಾರದ್ದಾಯಿತು. ಕುಮರಿಯ ಬೇಸಾಯಕ್ಕೆ ನಿರ್ಬಂಧ ಬಂದಿತು. ತೇಗದ ಮರಕ್ಕೆ ಬೆಲೆ ಬಂದಿತು. ಅಡಕೆಯ ತೋಟಿಗರಿಗೆ ಗೊಬ್ಬರದ ಸೊಪ್ಪಿಗಾಗಿ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆಯಿತು. ಉಳಿದವರಿಗೆ ಅಷ್ಟೂ ದೊರೆಯಲಿಲ್ಲ. ೧೯೩೦ರ ಸತ್ಯಾಗ್ರಹದಲ್ಲಿ ಶಿರಸಿ ಸಿದ್ದಾಪುರಗಳ ಜನರು ಕಾಡಿನ ಕಾಯಿದೆಯನ್ನು ಮುರಿದರು. ಸಿದ್ದಾಪುರದ ರೈತರು ಅಂಕೋಲೆಯವರೊಡನೆ ಕರನಿರಾಕರಣೆಯನ್ನು ಕೈಕೊಂಡು ಮನೆಮಾರುಗಳನ್ನು ಕಳೆದುಕೊಂಡರು. ನದಿಯ ವಿಷಯದಲ್ಲಿ ಮುಂದೆ ಅವರು ತೋರಿದ ಧೈರ್ಯಕ್ಕೆ ಇದು ಪೂರ್ವಪೀಠಿಕೆ.

ಇನ್ನು ನೀರನ್ನು ಹಿಡಿದ ಇತಿಹಾಸಕ್ಕೆ ಬರೋಣ. ಅದು ನಮ್ಮ ಬಾಗಿಲಿನಿಂದಲೇ ಆರಂಭವಾಗುವುದು. ಗೋಕಾವಿಯ ಜಲಪಾತವನ್ನು ನೋಡದವರು ನಮ್ಮಲ್ಲಿ ಕಡಮೆ. ಘಟಪ್ರಭೆಯು ಅಲ್ಲಿ ಕುದುರೆಯ ಲಾಳದ ಆಕಾರದ ಬಂಡೆಯ ಮೇಲಿನಿಂದ ಸುಮಾರು ೧೭೦ ಅಡಿ ಧುಮುಕುವಳು. ೧೮೮೫ರಲ್ಲಿ ಅಲ್ಲಿ ನೂಲಿನ ಗಿರಣಿಯ ಕಂಪನಿಯು ಸ್ಥಾಪಿತವಾಗಿ, ೧೮೮೭ರಿಂದ ಆ ನೀರಿನ ಬಲದಿಂದಲೇ ಗಿರಣಿಯು ನಡೆಯತೊಡಗಿತು. ಜಲಪಾತದ ಮೇಲ್ಗಡೆಯಲ್ಲಿ ಧೂಪದಾಳದ ಒಡ್ಡನ್ನು ಕಟ್ಟಿ ಕಾಲುವೆಗೆ ನೀರು ತಿರುಗಿಸಿದರು. ಮುಂದೆ ಹಿಡಕಲ್ಲಿನ ಅಣೆಕಟ್ಟು ೧೯೭೭ರಲ್ಲಿ ಪೂರ್ಣವಾಯಿತು. ಹೀಗಾಗಿ ಗೋಕಾವಿಯ ಜಲಪಾತವು ಮಳೆಗಾಲದ ಜಲಪಾತವಾಗಿದೆ. ಬೇಸಗೆಯಲ್ಲಿ ಹೋದವನಿಗೆ ಅಮರಸಿಂಹನ ಪ್ರಪಾತವು ಕಾಣುವುದು, ನಿರ್ಝರವು ಕಾಣುವುದಿಲ್ಲ. ಇದನ್ನು ದೂರುವ ಅಧಿಕಾರ ನಮಗಿಲ್ಲ. ಮಗ್ಗದ ಊರಿನವರಿಗೆ ನೂಲು ಬೇಕು. ಹೊಲದವರಿಗೆ ಕಾಲುವೆ ಬೇಕು.

ಶರಾವತಿಯ ಕಥೆಯು ಇದಕ್ಕಿಂತ ದೊಡ್ಡದು. ಜೋಗದ ನೀರನ್ನು ಕಂಡು, ಎಂಥ ನಷ್ಟವೆಂದು ವಿಶ್ವೇಶ್ವರಯ್ಯನವರು ಉದ್ಗರಿಸಿದರೆಂಬ ಕಥೆಯು ಜನಜನಿತವಾಗಿದೆ. ಕಥೆಯು ಹೇಗೇ ಇರಲಿ, ಆ ಕಾಲದ ಮನೋಭಾವವನ್ನು ಅದು ಚೆನ್ನಾಗಿ ತಿಳಿಸುವುದು. ಬೀಳುವ ನೀರು ನಷ್ಟ. ತಿರುಗಿಸಿದ ನೀರು ಲಾಭ. ೧೯೪೮ರಲ್ಲಿ ಅಲ್ಲಿ ವಿದ್ಯುದಾಗಾರವು ಕೆಲಸಮಾಡತೊಡಗಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಕನ್ನಡನಾಡಿನ ಊರೂರಿಗೂ ದೀಪ ಬಂದುದರಲ್ಲಿ ಶರಾವತಿಯ ಪಾಲು ಬಹಳ ದೊಡ್ಡದು. ರಬಕವಿ ಬನಹಟ್ಟಿಗಳ ವಿದ್ಯುನ್ಮಗ್ಗಗಳು ತಿರುಗುವುದರಲ್ಲಿಯೂ ಆ ಋಣವಿದೆ. ಆದರೆ ಅಣೆಕಟ್ಟಿನ ಹಿಂದೆ ಅನೇಕ ಹಳ್ಳಿಗಳೂ ತೋಟಗಳೂ ಮುಳುಗಿದುವು. ಜನರು ದೋಣಿಗಳಲ್ಲಿಯೂ ಬಂಡಿಗಳಲ್ಲಿಯೂ ಸಾಮಾನು ಹೇರಿಕೊಂಡು ಬೇರೆ ಕಾಡುಗಳಿಗೆ ಹೋದರು. ರಾಜ, ರಾಣಿ, ರೋರರ್, ರಾಕೆಟ್ ಎಂದು ಹೆಸರುವಾಸಿಯಾದ ನಾಲ್ಕು ಧಾರೆಗಳು ಮಳೆಗಾಲವು ಕಳೆದ ಮೇಲೆ ಎಳೆಯಷ್ಟಾಗುವುವು.

ಇದಾದ ಮೇಲೆ ಉಳಿದ ನದಿಗಳ ಸರದಿ ಬಂದಿತು. ಕಾಳಿಯ ಮೇಲೆ ಸೂಪಾ ಮೊದಲಾದ ಅಣೆಕಟ್ಟುಗಳು ಎದ್ದುವು. ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆಯು ೧೯೭೦ರ ದಶಕದ ಕೊನೆಯಲ್ಲಿ ಮುಂದೆ ಬಂದಾಗ, ಮುಳುಗಡೆಯ ಭಯವಿದ್ದ ಅಡಕೆಯ ತೋಟಿಗರು ಸುಮ್ಮನೆ ಕೂಗಾಡಲಿಲ್ಲ. ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ೧೯೮೧ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕೂಡಿಸಿ ವಿಚಾರಸಂಕಿರಣವನ್ನು ಏರ್ಪಡಿಸಿತು. ಅಣೆಕಟ್ಟಿನಿಂದ ಬರುವ ವಿದ್ಯುತ್ತಿನ ಬೆಲೆಯೆಷ್ಟು, ಮುಳುಗುವ ಕಾಡು, ತೋಟ, ಮೆಣಸು, ಏಲಕ್ಕಿ, ಜೇನು, ಬಿದಿರುಗಳ ಬೆಲೆಯೆಷ್ಟು ಎಂದು ಲೆಕ್ಕ ಹಾಕಿ ನೋಡಿದರು. ಹಳ್ಳಿಗರ ಸಹಕಾರಿ ಸಂಘವೊಂದು ಸರಕಾರದ ಲೆಕ್ಕಕ್ಕೆ ಎದುರುಲೆಕ್ಕವನ್ನು ಮುಂದಿಟ್ಟುದು ನಮ್ಮ ದೇಶದಲ್ಲಿ ಅಪೂರ್ವವಾದ ಸಂಗತಿ. ಯೋಜನೆಯು ಆ ದಶಕದಲ್ಲಿಯೇ ನಿಂತುಹೋಯಿತು. ಮಾಗೋಡಿನ ಜಲಪಾತವು ಉಳಿಯಿತು. ಎರಡು ವರ್ಷಗಳ ಮೇಲೆ, ೧೯೮೩ರ ಸೆಪ್ಟೆಂಬರ ೮ರಂದು, ಶಿರಸಿ ತಾಲೂಕಿನ ಸಾಲ್ಕಣಿಯ ಹಳ್ಳಿಗರು ಕಾಡಿಗೆ ನಡೆದುಹೋಗಿ, ಕಡಿಯಲು ಗುರುತುಮಾಡಿದ್ದ ಮರಗಳನ್ನು ತಬ್ಬಿಕೊಂಡರು. ಇದೇ ಅಪ್ಪಿಕೋ ಚಳವಳಿ. ಹಿಮಾಲಯದ ಚಿಪ್ಕೋ ಚಳವಳಿಯು ಅವರಿಗೆ ಪ್ರೇರಣೆ. ಹೆಸರು ಮಾತ್ರ ಅಚ್ಚಗನ್ನಡದ್ದು. ಅಘನಾಶಿನಿಗೂ ಅಣೆಕಟ್ಟಿನ ಯೋಜನೆಯು ಬಂದಿತು. ಅದೂ ಜನರ ವಿರೋಧದಿಂದ ನಿಂತಿತು.

ಆದುದರಿಂದ ಉಂಚಳ್ಳಿಯಲ್ಲಿ ಇಂದು ಬೀಳುವ ನೀರು ಕೇವಲ ಪ್ರಕೃತಿಯ ಕೊಡುಗೆಯಲ್ಲ. ಕೆಲವು ಜನರು ಬೇಡವೆಂದು ಹೇಳಿದ್ದರ ಫಲವೂ ಅಹುದು. ಸಂಗ್ರಾಮಗಳಲ್ಲಿ ಗೆದ್ದವರು ವಿಜಯಸ್ತಂಭವನ್ನು ನಿಲ್ಲಿಸುವರು. ಇವರು ನಿಲ್ಲಿಸಿದ ಸ್ತಂಭವೆಂದರೆ ನಿಲ್ಲದೆ ಹರಿಯುವ ನದಿಯೇ. ಪಶ್ಚಿಮಘಟ್ಟದ ನದಿಗಳಲ್ಲಿ ಹುಟ್ಟಿನಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವವು ಈಗ ವಿರಳ. ಅವುಗಳಲ್ಲಿ ಅಘನಾಶಿನಿಯು ಒಂದು.

ಬೀಳುವ ನೀರೆಲ್ಲ ನಷ್ಟವೇ ಎಂಬ ಹಳೆಯ ಪ್ರಶ್ನೆಗೆ ಉತ್ತರವನ್ನು ಕಾಣಬೇಕಾದರೆ ಜಲಪಾತದಿಂದ ಮೇಲೆಯೂ ಕೆಳಗೂ ನೋಡಬೇಕು. ಅಘನಾಶಿನಿ ಶರಾವತಿಗಳ ಕಣಿವೆಗಳ ಕಾಡುಗಳಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ನೀರಿನ ಮೇಲಕ್ಕೆ ಎತ್ತಿಕೊಂಡು ನಿಂತಿರುವ ಜವುಗುಗಳುಂಟು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಹಳ್ಳಕ್ಕೆ ಬಿಡುವ ಕೆರೆಗಳು ಅವು, ಕಟ್ಟಿಸಿದವರಿಲ್ಲ, ಹೂಳೆತ್ತುವವರಿಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಇಂಥ ಜವುಗಿನಲ್ಲಿ ವಿದ್ವಾಂಸರು ಗುರುತಿಸಿದ ಒಂದು ಹೊಸ ಮರಕ್ಕೆ ೨೦೦೦ದಲ್ಲಿ ಆ ಕಾನಿನ ಹೆಸರನ್ನೇ ಇಟ್ಟರು. ಸಿಂಹದಂತೆ ಕೇಸರವೂ ಬಾಲದ ಕುಚ್ಚೂ ಇರುವ ಸಿಂಗಳೀಕವೆಂಬ ಕಪಿಯು ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲಿಯೂ ವಾಸಿಸುವುದಿಲ್ಲ. ಅದರ ವಾಸದ ಉತ್ತರದ ಎಲ್ಲೆಯು ಈ ಸೀಮೆಯೇ. ಅದರ ರಕ್ಷಣೆಗಾಗಿ ೨೦೧೧ರಲ್ಲಿ ಸರಕಾರವು ಅಘನಾಶಿನಿಯ ಕಣಿವೆಯನ್ನು ಸಂರಕ್ಷಣಾಪ್ರದೇಶವೆಂದು ಘೋಷಿಸಿತು.

ಇನ್ನು ಕೆಳಗೆ ನೋಡೋಣ. ಕುಮಟೆಯ ಬಳಿಯಲ್ಲಿ ನದಿಯು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವಲ್ಲಿ ಗಜನಿಯೆಂಬ ಭೂಮಿಗಳಿರುವುವು. ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗವೆಂಬ ಭತ್ತವನ್ನು ಅಲ್ಲಿ ಬಿತ್ತುವರು. ಇಳಿತದ ಸಮಯದಲ್ಲಿ ಗಂಡಸರೂ ಹೆಂಗಸರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಪ್ಪಿಯನ್ನು ಆಯುವರು. ಎಷ್ಟೋ ಕುಟುಂಬಗಳ ಜೀವನವು ಅದರಿಂದಲೇ ನಡೆಯುವುದು. ಸಿಹಿನೀರು ಕಡಮೆಯಾದರೆ ಉಪ್ಪು ಮೇಲಕ್ಕೇರುವುದು. ಉಪ್ಪು ಏರಿದರೆ ಕಗ್ಗವೂ ಇಲ್ಲ, ಚಿಪ್ಪಿಯೂ ಇಲ್ಲ. ಅಂದಮೇಲೆ ಉಂಚಳ್ಳಿಯಲ್ಲಿ ಬಿದ್ದ ನೀರು ವ್ಯರ್ಥವಾಯಿತೆಂದು ಹೇಳುವವನು ಕುಮಟೆಯ ಊಟದೆಲೆಯನ್ನು ನೋಡಿಲ್ಲವೆಂದೇ ತಿಳಿಯಬೇಕು. ೨೦೨೪ರ ಜನವರಿಯಲ್ಲಿ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು.

ಇಷ್ಟೆಲ್ಲವೂ ನಮಗೇಕೆಂದರೆ, ನಾವು ಕಟ್ಟಿದ ನೀರನ್ನು ಕುಡಿದು ಬದುಕುವವರು. ಜಮಖಂಡಿಯ ಹತ್ತಿರ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ತಾವೇ ದುಡಿದು, ೧೯೮೯ರಲ್ಲಿ ಕೃಷ್ಣೆಗೆ ಒಡ್ಡು ಕಟ್ಟಿದರು. ಅದಕ್ಕೆ ಶ್ರಮಬಿಂದುವೆಂಬ ಸಾರ್ಥಕವಾದ ಹೆಸರಿದೆ. ಬರಗಾಲದ ಸೀಮೆಯು ಕಬ್ಬಿನ ಸೀಮೆಯಾದುದು ಇಂಥ ಪ್ರಯತ್ನಗಳಿಂದಲೇ. ಆದುದರಿಂದ ಒಡ್ಡನ್ನು ನಿಂದಿಸುವ ಬಾಯಿ ನಮಗಿಲ್ಲ. ಆದರೆ ಅದೇ ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಬೀಳಗಿಯ ಹಳ್ಳಿಗಳನ್ನೂ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳನ್ನೂ ನುಂಗಿತು. ಜನರು ನವನಗರವನ್ನು ಕಟ್ಟಿಕೊಂಡು ಹೋಗಬೇಕಾಯಿತು. ೨೦೧೯ರ ಪ್ರವಾಹದಲ್ಲಿ ರಬಕವಿಯ ಮನೆಗಳಿಗೂ ಕೃಷ್ಣೆಯು ಬಂದುದನ್ನು ನಾವು ಮರೆತಿಲ್ಲ. ನೀರು ಬೇಕೆನ್ನುವವನ ಸಂಕಟವೂ ನೀರಿನಿಂದ ಮುಳುಗಿದವನ ಸಂಕಟವೂ ಎರಡನ್ನೂ ಬಲ್ಲ ಸೀಮೆ ನಮ್ಮದು. ಎರಡನ್ನೂ ಬಲ್ಲವನೇ ನ್ಯಾಯ ಹೇಳಲು ತಕ್ಕವನು.

ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ ಬಯಲುಸೀಮೆಗೆ ಕೊಡಬೇಕೆಂಬ ಮಾತು ೨೦೨೦ರ ದಶಕದಲ್ಲಿ ಮರಳಿ ಎದ್ದಿತು; ಮಲೆನಾಡಿನವರು ಮರಳಿ ವಿರೋಧಿಸಿದರು. ಅಘನಾಶಿನಿಯ ಹೆಸರೂ ಇಂಥ ಮಾತುಗಳಲ್ಲಿ ಕೇಳಿಬಂದಿದೆ. ಅವರು ಸ್ವಾರ್ಥಿಗಳು, ಹೆಚ್ಚಾದ ನೀರನ್ನು ಬಾಯಾರಿದವರಿಗೆ ಕೊಡಲೊಲ್ಲರು ಎಂದು ನಮ್ಮ ಕಡೆಯ ಕೆಲವರು ಆಡಿಕೊಳ್ಳುವರು. ಹಾಗೆ ಆಡುವ ಮೊದಲು ಒಂದು ಸಲ ಉಂಚಳ್ಳಿಯ ಕಾಲುದಾರಿಯಲ್ಲಿ ನಡೆದುಬರಬೇಕೆಂದು ನನ್ನ ಸೂಚನೆ. ೧೮೬೨ರಿಂದ ೧೯೫೬ರವರೆಗೆ ಅವರೂ ಬೆಳಗಾಂವಿ ಬಿಜಾಪುರಗಳ ಕನ್ನಡಿಗರೂ ಮುಂಬಯಿ ಇಲಾಖೆಯ ಒಂದೇ ನೆರಳಿನಲ್ಲಿದ್ದರು. ಆಗ ರಬಕವಿಯು ಸಾಂಗಲಿ ಸಂಸ್ಥಾನದ ಊರು, ಬನಹಟ್ಟಿಯು ಜಮಖಂಡಿಯದು, ೧೯೪೮ರಲ್ಲಿ ಈ ಸಂಸ್ಥಾನಗಳೂ ಮುಂಬಯಿ ಪ್ರಾಂತದಲ್ಲಿ ಸೇರಿದುವು. ೧೯೫೬ರಲ್ಲಿ ನಾವೆಲ್ಲರೂ ಒಂದೇ ರಾಜ್ಯದವರಾದೆವು. ಒಂದೇ ರಾಜ್ಯದವರಾದ ಮೇಲೆ ಒಬ್ಬರ ಕಾಡು ಇನ್ನೊಬ್ಬರಿಗೆ ಅಪರಿಚಿತವಾಗಿರಬಾರದು. ನೀರನ್ನು ಕೇಳುವವನು ಅದು ಹುಟ್ಟುವ ಕಾಡನ್ನೂ ಅದು ಸಾಕುವ ಅಳಿವೆಯನ್ನೂ ನೋಡಿ ಕೇಳಬೇಕು. ಕೊಡೆನೆನ್ನುವವನು ಬಯಲಿನ ಬತ್ತಿದ ಬಾವಿಯನ್ನು ನೋಡಿ ಹೇಳಬೇಕು. ಆಗಲೇ ಆ ಮಾತು ವಿವಾದವಾಗದೆ ಸಂವಾದವಾಗುವುದು.

ಹೋಗುವವರಿಗೆ ಕೆಲವು ಸೂಚನೆಗಳು. ಮಳೆಗಾಲದ ಮಧ್ಯದಲ್ಲಿ ಮಂಜು ಕವಿದು ಜಲಪಾತವು ಎಷ್ಟೋ ಸಲ ಕಾಣುವುದೇ ಇಲ್ಲ, ಮೆಟ್ಟಿಲುಗಳೂ ಜಾರುವುವು. ಆಶ್ವಿನದಿಂದ ಪುಷ್ಯದವರೆಗಿನ ಕಾಲವು ಉತ್ತಮ. ಕಂಬಿಯನ್ನು ದಾಟಿ ಬಂಡೆಯ ಅಂಚಿಗೆ ಹೋಗಬಾರದು. ಬುತ್ತಿಯ ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿ ಎಸೆಯದೆ ಮರಳಿ ತರಬೇಕು. ಹೆಗ್ಗರಣಿಯಲ್ಲಿ ಯಾರನ್ನಾದರೂ ದಾರಿ ಕೇಳುವಾಗ ಸಾಹೇಬನ ಹೆಸರನ್ನು ಹೇಳದೆ ಕೆಪ್ಪಜೋಗವೆಂದೇ ಕೇಳಬೇಕು. ಮಕ್ಕಳನ್ನು ಕರೆದುಕೊಂಡು ಹೋದವರು ಅವರಿಗೆ ಎತ್ತರದ ಅಂಕಿಯನ್ನು ಹೇಳಿದರೆ ಸಾಲದು; ಗೋಕಾವಿಯಲ್ಲಿ ಬೇಸಗೆಯಲ್ಲಿ ಕಾಣದ ನೀರು ಇಲ್ಲಿ ಕಾಣುವುದೇಕೆಂಬುದನ್ನು ವಿವರಿಸಿ ಹೇಳಬೇಕು. ನಮ್ಮ ಪಾಠಪುಸ್ತಕಗಳಲ್ಲಿ ಕಟ್ಟಿದವರ ಹೆಸರುಗಳು ಸ್ಥಾನ ಪಡೆದಿರುವುವು. ಕಟ್ಟದೆ ಉಳಿಸಿದವರ ಹೆಸರುಗಳಿಗೂ ಅವುಗಳ ಪಕ್ಕದಲ್ಲಿ ಸ್ಥಳವಿರಬೇಕು.